ಭಾನುವಾರ ಸತ್ತವರಿಗೆ ಅತ್ತವಳು

ದಿನಾ ಸಾಯೋರಿಗೆ ಅಳೋರ್ಯಾರು ಎಂದು ಗಾದೆ ಕಟ್ಟಿದವರು ಯಾರೋ, ಅವರು ಟಿ.ವಿ. ನೋಡಿದವರಲ್ಲ. ಧಾರಾವಿಯ ಸುಂದ್ರವ್ವ ಟಿ.ವಿ.ಯಲ್ಲಿ ವಾರವಾರ ಸಾಯುವವರಿಗೆ ವಾರವಾರವೂ ಅತ್ತಳು. ಎಪ್ಪತ್ತೆರಡರಲ್ಲಿ ಮುಂಬೈಗೆ ಟಿ.ವಿ. ಬಂತು. ಅದಾಗಿ ಒಂದೆರಡು ವರ್ಷಕ್ಕೆ ದಾದರಿನ ವಿನೋದಿನಿಯ ಮನೆಗೂ ಬಂತು. ವಿನೋದಿನಿಯ ಗಂಡ ಉಡುಪಿ ಹೋಟೆಲೊಂದರ ಮ್ಯಾನೇಜರು. ಆ ಮನೆಯ ಪಾತ್ರೆ, ಬಟ್ಟೆ, ಕಸ ಎಲ್ಲ ಸುಂದ್ರವ್ವನ ಪಾಲಿಗೆ.

ಸುಂದ್ರವ್ವ ಸಿಂದಗಿ ಕಡೆಯವಳು. ಗಂಡ ಚಂದ್ರಾಮ ಸಿಮೆಂಟು ಹೊತ್ತು ಹೊತ್ತು ಎದೆ ಹಾಳುಮಾಡಿಕೊಂಡು ಖೋಲಿಯ ಮೂಲೆ ಹಿಡಿದಿದ್ದ. ಬೆಳಕು ಹರಿಯುವ ಮೊದಲೇ ಅವಳು ನಳದ ಮುಂದೆ ಕೊಡ ಇಟ್ಟು, ಗಂಡನಿಗೆ ರೊಟ್ಟಿ ಬಡಿದಿಟ್ಟು, ದಾದರಿಗೆ ನಡೆದು ಬರುತ್ತಿದ್ದಳು. ಅದೇ ಬಿಲ್ಡಿಂಗಿನ ಬೇರೆ ಮನೆಗಳಿಗೂ ಮಹಡಿಯಿಂದ ಮಹಡಿಗೆ ಹತ್ತಿ ಇಳಿಯುವ ಕೆಲಸ. ಕೂತಳು ಎಂದರೆ ಪಾತ್ರೆ ತಿಕ್ಕಲು ಕುಕ್ಕರುಗಾಲಲ್ಲಿ ಕೂತಳು, ಅಷ್ಟೆ. ಅಂಥವಳಿಗೆ ವಿನೋದಿನಿ ಒಂದು ಭಾನುವಾರ ಸಂಜೆ, "ಸಿನೆಮಾ ನೋಡಿಕೊಂಡು ಹೋಗು" ಎಂದು ಬಾಗಿಲ ಪಕ್ಕ ಜಾಗ ತೋರಿಸಿದಳು. ಸಿನೆಮಾ ಹಾಗಿರಲಿ, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚುವುದೇ ಸುಂದ್ರವ್ವನಿಗೆ ದೊಡ್ಡ ಹಬ್ಬವಾಗಿ ಕಂಡಿತು.

ಇಲ್ಲಿ ಅವಳ ಇನ್ನೊಂದು ಕಸುಬಿನ ಮಾತು ಹೇಳಬೇಕು. ಕಸುಬು ಎನ್ನಬಾರದು, ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ. ಅವರ ಸೀಮೆಯಲ್ಲಿ ಸತ್ತವರ ಮುಂದೆ ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಉಳಿದವರ ಗತಿ, ಎಲ್ಲವನ್ನೂ ರಾಗದಲ್ಲಿ ಎಣಿಸಿ ಎಣಿಸಿ ಅಳುವುದು. ಒಬ್ಬಳು ಬಂದು ಕೊರಳಿಗೆ ಬಿದ್ದು ಅಳುವಿನ ಮೊದಲ ಸೊಲ್ಲು ಎತ್ತಿಕೊಡಬೇಕು, ಆಮೇಲೆ ಮನೆಯವಳು ಬಾಯಿ ಬಿಡಬೇಕು. ಒಬ್ಬಳನ್ನೇ ಅಳಲು ಬಿಟ್ಟರೆ ಓಣಿಗೇ ಅವಮಾನ. ಧಾರಾವಿಯ ಆ ಓಣಿಯಲ್ಲಿ ಎತ್ತಿಕೊಡುವವಳು ಎಂದರೆ ಸುಂದ್ರವ್ವ. ಅವಳು ಬರುವವರೆಗೆ ಯಾರ ಮನೆಯ ಅಳುವೂ ಸರಿಯಾಗಿ ಹತ್ತಿಕೊಳ್ಳುತ್ತಿರಲಿಲ್ಲ.

ಆ ಮೊದಲ ಭಾನುವಾರ ಟಿ.ವಿ.ಯಲ್ಲಿ ಒಬ್ಬ ತಾಯಿ ಮಗನ ಹೆಣದ ಮುಂದೆ ಒಬ್ಬಳೇ ಕೂತು ಅಳುತ್ತಿದ್ದಳು. ಮನೆ ತುಂಬ ಸೇರಿದ್ದ ಬಿಲ್ಡಿಂಗಿನ ಹೆಂಗಸರು ಸೆರಗಿನ ತುದಿಯಿಂದ ಮೂಗು ಒತ್ತಿಕೊಂಡರು. ಅಲ್ಲಿಗೆ ಮುಗಿಯಿತು ಅವರ ಅಳು. ಸುಂದ್ರವ್ವನಿಗೆ ತಡೆಯಲಾಗಲಿಲ್ಲ. ಹಿಂದಿ ಅರೆಬರೆ ತಿಳಿಯುತ್ತಿತ್ತು, ಒಬ್ಬಳೇ ಅಳುವುದು ಮಾತ್ರ ಪೂರಾ ತಿಳಿಯಿತು.

"ಹಡದ ಹೊಟ್ಟಿಗೆ ಬೆಂಕಿ ಬಿತ್ತಲ್ಲ ನನ್ನವ್ವಾ! ತೊಟ್ಟಿಲ ತೂಗಿದ ಕೈಲೆ ಮಣ್ಣ ಹಾಕೂ ಹಂಗಾತಲ್ಲ ನನ್ನವ್ವಾ!"

ಅವಳು ಎದೆ ಬಡಿದುಕೊಂಡು ಎತ್ತಿದ ದನಿಗೆ ಮುಂದೆ ಕೂತವರು ಹೌಹಾರಿ ತಿರುಗಿದರು. ಒಳಗಿನಿಂದ ವಿನೋದಿನಿಯ ಅತ್ತೆ ಅಕ್ಕು ಓಡಿ ಬಂದಳು.

"ಎಂತ ಮಾರಾಯ್ತಿ ಇದು! ದೀಪ ಇಡುವ ಹೊತ್ತಿಗೆ ಹೆಣದ ಅಳು ಅಳುದಾ? ಈ ಮನೆಯಲ್ಲಿ ಯಾರು ಸತ್ತಿದ್ದಾರೆ?"

ಸುಂದ್ರವ್ವ ನಾಲಿಗೆ ಕಚ್ಚಿಕೊಂಡಳು. "ತಪ್ಪಾತ್ರಿ ಅಮ್ಮಾರ. ಆಕಿ ಒಬ್ಬಾಕಿನ ಅಳಾಕತ್ತಿದ್ಲು, ಅದಕ..."

ಆದರೆ ನೋಡಿ, ಅಷ್ಟರಲ್ಲಿ ಕೋಣೆಯ ಹೆಂಗಸರೆಲ್ಲ ನಿಜವಾಗಿ ಬಿಕ್ಕುತ್ತಿದ್ದರು. ಮಾತು ಅರ್ಥವಾಗದ ಮೇಲಿನ ಮಹಡಿಯ ಗುಜರಾತಿ ಬಾಯಿಯೂ ಅತ್ತಳು. ಸಿನೆಮಾ ಮುಗಿದಾಗ ಎಲ್ಲರ ಮುಖ ತಲೆಸ್ನಾನ ಮಾಡಿದ ಹಾಗೆ ಹಗುರವಾಗಿತ್ತು. ಮುಂದಿನ ಭಾನುವಾರ ಜನ ಇನ್ನೂ ಹೆಚ್ಚಿದರು. ಟಿ.ವಿ. ಹಚ್ಚುವ ಮೊದಲು ಕೇಳುವುದು ಒಂದೇ ಮಾತು: "ಸುಂದ್ರವ್ವ ಇದ್ದಾಳಲ್ಲ?" ಅಕ್ಕು ಬೈದು ಬೈದು ಸೋತಳು. ಕೊನೆಗೆ ಹೊತ್ತಿಗೆ ಮೊದಲೇ ದೀಪ ಹಚ್ಚಿ, ದೇವರಿಗೆ ಕೇಳಿಸದಿರಲಿ ಎಂದು ದೇವರ ಗೂಡಿನ ಬಾಗಿಲು ಮುಚ್ಚತೊಡಗಿದಳು.

ಹೀಗೆ ಕಾಲು ಚಾಚಲು ಸಿಕ್ಕ ಜಾಗವೂ ಕೆಲಸದ ಜಾಗವಾಯಿತು. ದುಃಖದ ಭಾಗ ಬಂತೆಂದರೆ ಎಲ್ಲರ ಕಣ್ಣು ಬಾಗಿಲ ಕಡೆಗೆ. ಮೈ ನುಗ್ಗಾಗಿದ್ದರೂ, ಕಣ್ಣು ಎಳೆಯುತ್ತಿದ್ದರೂ ಅವಳು ಎತ್ತಿಕೊಡಬೇಕು. ಖೋಲಿಗೆ ಮರಳಿದರೆ ಚಂದ್ರಾಮ ಕೆಮ್ಮಿನ ನಡುವೆ ಕೇಳುತ್ತಿದ್ದ:

"ಇವತ್ತ ಯಾರು ಸತ್ತರು?"

"ಒಬ್ಬ ಪೊಲೀಸ, ಆಮ್ಯಾಲ ಅವನ ತಂಗಿ."

"ನನಗೂ ಒಂದೀಟು ಉಳಿಸ್ಕೊ ಮತ್ತ. ಎಲ್ಲಾ ಅಲ್ಲೇ ಅತ್ತ ಮುಗಿಸೀದಿ."

ಅವನು ನಗುತ್ತ ಹೇಳುತ್ತಿದ್ದ. ಅವಳೂ ನಗುತ್ತಿದ್ದಳು. ನಕ್ಕು ರೊಟ್ಟಿ ಬಡಿಯಲು ಕೂರುತ್ತಿದ್ದಳು.

ಪಕ್ಕದ ಖೋಲಿಯ ಗುರುಬಾಯಿಯ ಅತ್ತೆ ಹಾಸಿಗೆ ಹಿಡಿದದ್ದು ಆ ಮಳೆಗಾಲದಲ್ಲಿ. ಒಂದು ಭಾನುವಾರ ಬೆಳಿಗ್ಗೆ ಮುದುಕಿಯ ಉಸಿರು ಮೇಲಾಯಿತು. ಗುರುಬಾಯಿ ಬಾಗಿಲಿಗೆ ಬಂದು, "ಸುಂದ್ರಕ್ಕ, ಇವತ್ತ ಎಲ್ಲೂ ಹೋಗಬ್ಯಾಡ" ಅಂದಳು. ಇವತ್ತು ಕೆಲಸಕ್ಕೆ ಬರುವುದಿಲ್ಲವೆಂದು ಹೇಳಿಬರಲು ಸುಂದ್ರವ್ವ ದಾದರಿಗೆ ಓಡಿದಳು. ವಿನೋದಿನಿ ಮುಖ ಸಣ್ಣ ಮಾಡಿದಳು.

"ವಿಕ್ರೋಳಿಯಿಂದ ನಮ್ಮ ನೆಂಟರು ಬರ್ತಾರೆ, ನೀನು ಅಳುದನ್ನು ನೋಡ್ಲಿಕ್ಕೆಂದೇ. ಇವತ್ತೊಂದು ದಿನ ಇರು."

ವಿನೋದಿನಿ ಕೆಟ್ಟವಳಲ್ಲ, ಸಾವು ಟಿ.ವಿ.ಯಲ್ಲಿ ಮಾತ್ರ ಆಗುತ್ತದೆ ಎಂಬಷ್ಟು ಸುಖದಲ್ಲಿದ್ದಳು. ಸುಂದ್ರವ್ವನಿಗೆ ಇಲ್ಲ ಎನ್ನುವ ಬಾಯಿ ಇರಲಿಲ್ಲ. ನೆಂಟರ ಮುಂದೆ ಅತ್ತಳು, ಚಹಾ ಕುಡಿದಳು. ಓಣಿಗೆ ಬರುವಷ್ಟರಲ್ಲಿ ಮುದುಕಿಯನ್ನು ಹೊತ್ತುಕೊಂಡು ಹೋಗಿ ಆಗಿತ್ತು. ಗುರುಬಾಯಿ ಬಾಗಿಲಲ್ಲಿ ಕೂತಿದ್ದವಳು ಮುಖ ಆಚೆ ತಿರುಗಿಸಿದಳು. ಅಂದಿನಿಂದ ನಳದ ಹತ್ತಿರ ಯಾರೂ ಸುಂದ್ರವ್ವನೊಡನೆ ಮಾತಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅವಳು ನೀರು ಹಿಡಿದು ಬರುವುದರಲ್ಲಿ ಚಂದ್ರಾಮನ ಕೆಮ್ಮು ನಿಂತಿತ್ತು. ಕೊಡ ಇಳಿಸಿ ಹಣೆ ಮುಟ್ಟಿ ನೋಡಿದಳು. ಹೋಗಿದ್ದ.

ಸುದ್ದಿ ಹಬ್ಬಿ ಓಣಿಯ ಹೆಂಗಸರು ಬಂದರು. ಸಾವಿನ ಮನೆಗೆ ಬಾರದಿರಲು ಆಗುವುದಿಲ್ಲ, ಬಂದರು. ಬಂದು ಗೋಡೆಗೆ ಸಾಲಾಗಿ ನಿಂತರು. ಯಾರೂ ಕೊರಳಿಗೆ ಬೀಳಲಿಲ್ಲ. ಊರಿನವರಿಗೆಲ್ಲ ಎತ್ತಿಕೊಟ್ಟವಳು ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಒಣಗಣ್ಣಿನಲ್ಲಿ ಕೂತಿದ್ದಳು. ಬಾಯಿ ತೆರೆದರೆ ದನಿ ಬರಲೊಲ್ಲದು. ಒಂದೀಟು ಉಳಿಸಿಕೋ ಅಂದಿದ್ದ, ಉಳಿಸಿಕೊಳ್ಳಲಿಲ್ಲವೇನೋ ಎಂದು ಅವಳಿಗೆ ಹೆದರಿಕೆಯಾಯಿತು. ಹೊರಗೆ ಗಂಡಸರು ಬಿದಿರು ಕಟ್ಟುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಎತ್ತುತ್ತಾರೆ. ಚಂದ್ರಾಮ ಅಳುವವರಿಲ್ಲದ ಹೆಣವಾಗಿ ಹೋಗುತ್ತಾನೆ.

ಆಗ ಗುರುಬಾಯಿ ನುಗ್ಗಿ ಬಂದಳು. ಹೊಡೆಯಲು ಬಂದವಳ ಹಾಗೆ ಬಂದು ಸುಂದ್ರವ್ವನ ಕೊರಳಿಗೆ ಬಿದ್ದು ಎತ್ತಿದಳು:

"ನಮ್ಮತ್ತಿ ಬಾಯಿಗಿ ನೀರ ಬಿಡಾಕ ಬರಲಿಲ್ಲಲ್ಲ ನನ್ನವ್ವಾ! ಡಬ್ಬಿಯಾಗಿನ ಹೆಣಕ್ಕ ಅತಗೋತ ಕುಂತೆಲ್ಲ ನನ್ನವ್ವಾ! ಚಂದ್ರಾಮಣ್ಣ ಒಬ್ಬನ ಬಾಗಲಾ ನೋಡತಿದ್ದನಲ್ಲ ನನ್ನವ್ವಾ!"

ನಳದ ಹತ್ತಿರ ಇದನ್ನೇ ಅಂದಿದ್ದರೆ ಜಗಳವಾಗುತ್ತಿತ್ತು. ರಾಗದಲ್ಲಿ ಅಂದರೆ ಅದು ಅಳು. ಒಳಗೆ ಕಟ್ಟಿದ್ದೆಲ್ಲ ಸುಂದ್ರವ್ವನಲ್ಲಿ ಒಡೆಯಿತು.

"ಹೊಟ್ಟಿಪಾಡಿಗೆ ಅಳು ಮಾರಿಕೊಂಡ್ನೆಲ್ಲ ನನ್ನಕ್ಕಾ! ಒರಗಾಕ ಒಂದು ಗ್ವಾಡಿ ಸಿಗಲಿಲ್ಲಲ್ಲ ನನ್ನಕ್ಕಾ! ಯಾರ ಸತ್ತರಂತ ಕೇಳಾವನೂ ಸತ್ತನಲ್ಲ ನನ್ನಕ್ಕಾ!"

ಗೋಡೆಗೆ ನಿಂತವರೂ ಆಗ ಒಬ್ಬೊಬ್ಬರಾಗಿ ಕೂತರು. ಚಂದ್ರಾಮ ಓಣಿಯೆಲ್ಲ ಕೇಳುವ ಅಳುವಿನಲ್ಲಿ ಹೋದ.

ದಿನಕರ್ಮ ಮುಗಿಸಿ ಅವಳು ಕೆಲಸಕ್ಕೆ ಮರಳಿದಳು. ಭಾನುವಾರ ಬಂತು. ವಿನೋದಿನಿ ಮೆಲ್ಲಗೆ, "ಸಿನೆಮಾ ನೋಡು, ಮನಸ್ಸಿಗೆ ಸ್ವಲ್ಪ ಸಮಾಧಾನ ಆದೀತು" ಅಂದಳು. ಸುಂದ್ರವ್ವ ಬಾಗಿಲ ಪಕ್ಕ ಕೂತಳು. ಮನೆ ತುಂಬಿತ್ತು. ಸಿನೆಮಾದಲ್ಲಿ ಹೊಸದಾಗಿ ಮದುವೆಯಾದವನೊಬ್ಬ ಸತ್ತ. ಹೆಂಡತಿ ಬಳೆ ಒಡೆದುಕೊಂಡು ಅಳತೊಡಗಿದಳು. ವಾಡಿಕೆಯಂತೆ ಎಲ್ಲರೂ ಬಾಗಿಲ ಕಡೆ ತಿರುಗಿದರು. ದನಿ ಬರಲಿಲ್ಲ. ಗೋಡೆಗೆ ತಲೆ ಆನಿಸಿ ಸುಂದ್ರವ್ವ ನಿದ್ದೆಹೋಗಿದ್ದಳು.

"ಎಬ್ಬಿಸಿ ಎಬ್ಬಿಸಿ, ಒಳ್ಳೆಯ ಸೀನು ಹೋಗ್ತದೆ" ಎಂದು ಯಾರೋ ಅಂದರು. ವಿನೋದಿನಿ ಏಳಲು ಹೊರಟಳು.

"ಕೂತುಕೋ" ಎಂದಳು ಅಕ್ಕು. "ಅಳುದಾದರೆ ನೀವು ಅಳಿ. ಅವಳು ಮಲಗಲಿ."

ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ಟಿ.ವಿ.ಯ ಗುಂಡಿ ತಿರುಗಿಸಿ ದನಿ ಪೂರಾ ಇಳಿಸಿದಳು. ಟಿ.ವಿ.ಯೊಳಗಿನವಳು ಬಾಯಿ ತೆರೆದು ಒಬ್ಬಳೇ ಅಳುತ್ತಿದ್ದಳು. ಬಾಗಿಲ ಪಕ್ಕ ಸುಂದ್ರವ್ವ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು.