ಹರಳನ್ನು ತಿರುಗಿಸುವ ಉಪಾಯ

ಮುಂಬಯಿಗೆ ಹೋಗುವ ಬೆಳಗಿನ ಲೋಕಲ್‌ನಲ್ಲಿ ಸೀಟು ಬೇಕೆಂದರೆ ಡೊಂಬಿವಲಿಯವರು ಮೊದಲು ಉಲ್ಟಾ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಕೂತೇ ವಾಪಸು ಬರಬೇಕು. ಠಾಣೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನೂ ಹಾಗೇ ಮಾಡುತ್ತಿದ್ದೆ. ಕಲ್ಯಾಣದಲ್ಲಿ ಹತ್ತುವ ಗೆಳತಿಗಾಗಿ ಪಕ್ಕದಲ್ಲಿ ಬ್ಯಾಗಿಟ್ಟು, ಲೇಡೀಸ್ ಡಬ್ಬಿಯ ಬೈಗುಳವನ್ನೆಲ್ಲ ತಿನ್ನುತ್ತಿದ್ದೆ. ಅವಳು ಉಡುಪಿ ಕಡೆಯವಳು, ನವಿ ಮುಂಬಯಿಯ ಪ್ರಯೋಗಾಲಯವೊಂದರಲ್ಲಿ ಪಿಎಚ್.ಡಿ ಮಾಡುತ್ತಿದ್ದಳು. ನನ್ನ ಪಿಎಚ್.ಡಿ ಮದುವೆಯ ನಂತರ ಅರ್ಧಕ್ಕೇ ನಿಂತಿತ್ತು. ಒಳ್ಳೆಯ ಐಡಿಯಾ ತಂದರೆ ನನ್ನನ್ನು ಸೇರಿಸಿಕೊಳ್ಳುವುದಾಗಿ ಅವಳ ಗೈಡ್ ಹೇಳಿದ್ದಾರಂತೆ. ಆ ಮಾತಿಗೆ ನಾನು ಜೋತುಬಿದ್ದೆ.

ಅವಳು ಸಂಶೋಧನೆಗೆ ಹಿಡಿದದ್ದು ಒಂದು ವಿಚಿತ್ರ ಹರಳು. ಸಾಮಾನ್ಯ ತಂತಿಯಲ್ಲಿ ಕರೆಂಟು ಹೋದರೂ ಬಂದರೂ ತಡೆ ಒಂದೇ. ಡಯೋಡ್ ಒಂದೇ ದಿಕ್ಕಿಗೆ ದಾರಿ ಬಿಡುತ್ತದೆ, ಆದರೆ ಅದಕ್ಕೆ ಎರಡು ಬಗೆಯ ವಸ್ತು ಬೆಸೆಯಬೇಕು. ಈ ಹರಳು ಒಂಟಿಯಾಗಿಯೇ ಪಕ್ಷಪಾತ ಮಾಡುತ್ತಿತ್ತು. ಇಲೆಕ್ಟ್ರಾನಿನ ಚಲನೆ ತುಸು ಬದಲಾದರೆ ಅದರ ಕ್ವಾಂಟಮ್ ಸ್ಥಿತಿಯೂ ಬದಲಾಗುತ್ತದೆ. ಎಷ್ಟು ಬದಲಾಯಿತೆಂದು ಅಳೆಯುವುದೇ ಕ್ವಾಂಟಮ್ ಜ್ಯಾಮಿತಿ. ರಚನೆಯಲ್ಲೇ ಎಡಬಲ ಸಮನಿಲ್ಲದ ಹರಳಿನಲ್ಲಿ ಈ ಅಳತೆಯೂ ಎರಡು ಕಡೆಗೆ ಸಮನಿರುವುದಿಲ್ಲ, ಕರೆಂಟು ಒಂದು ಕಡೆಗೆ ವಾಲುತ್ತದೆ.

ಗೈಡ್ ಮಾತ್ರ ನಂಬಲಿಲ್ಲವಂತೆ. ದೋಷ ಹರಳಿನದಲ್ಲ, ತಂತಿ ಅಂಟಿಸಿದ ಜಾಗದ್ದು ಎಂದರಂತೆ. ಗಾಡಿ ದಿವಾ ಸ್ಟೇಷನ್ ದಾಟುವಷ್ಟರಲ್ಲಿ ನನಗೆ ಹೊಳೆಯಿತು: ಅದೇ ಹರಳಿನ ಇನ್ನೊಂದು ತುಂಡನ್ನು ಹಿಂದುಮುಂದಾಗಿ ಇಟ್ಟು, ತಂತಿಗಳನ್ನು ಮೊದಲಿನಂತೆಯೇ ಅಂಟಿಸಬೇಕು. ಪಕ್ಷಪಾತವೂ ತಿರುಗಿದರೆ ಅದು ಹರಳಿನದೇ. ಅವಳು ನನ್ನ ಕೈ ಅದುಮಿ, ಗೈಡ್‌ಗೆ ಇವತ್ತೇ ನನ್ನ ವಿಷಯ ಹೇಳುವುದಾಗಿ ಮಾತು ಕೊಟ್ಟಳು.

ಅವಳ ಸೆಮಿನಾರಿಗೆ ಅರ್ಧ ದಿನ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಪಕ್ಷಪಾತ ನಿಜಕ್ಕೂ ತಿರುಗಿತ್ತು. ಹಿಂದುಮುಂದು ಮಾಡುವ ಉಪಾಯ ತನಗೇ ಹೊಳೆಯಿತೆಂದು ಅವಳು ಸಲೀಸಾಗಿ ಹೇಳಿದಳು. ಚಹಾದ ಹೊತ್ತಿಗೆ ಅವಳನ್ನು ಹಿಡಿದೆ.

"ಅದು ನಾ ಹೇಳಿದ್ದಲ್ಲೇನ?"

"ಹೇಳಿದ್ದು ನೀನೇ ಮಾರಾಯ್ತಿ. ಅಳೆದದ್ದು ನಾನಲ್ವಾ?"

ಅಷ್ಟರಲ್ಲಿ ಗೈಡ್ ಬಂದರು. ಈಗಲಾದರೂ ಬಾಯಿ ಬಿಡುತ್ತಾಳೆಂದು ನಾನು, ದಡ್ಡಿ, ಸೆರಗು ಸರಿಮಾಡಿಕೊಂಡು ನಿಂತೆ. ಇವರು ಯಾರೆಂದು ಅವರು ಅವಳನ್ನೇ ಕೇಳಿದರು.

"ನನ್ನ ಟ್ರೇನ್ ಫ್ರೆಂಡ್, ಸರ್."

ಅವಳು ನನ್ನ ಸುದ್ದಿಯನ್ನು ಅವರ ಮುಂದೆ ಎಂದೂ ಎತ್ತಿರಲೇ ಇಲ್ಲ. ಗೈಡ್ ಒಳ್ಳೆಯ ಮನುಷ್ಯ. ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಚಾಚಿ, ಅವಳು ಹೇಳಿದ್ದರಲ್ಲಿ ನನಗೇನಾದರೂ ಅರ್ಥವಾಯಿತೇ ಎಂದು ವಿಚಾರಿಸಿದರು.