ಏಟು ತಿನ್ನದ ಗಾಡಿ

ಸೂಜಿಗಲ್ಲಪ್ಪನ ಮುತ್ತಜ್ಜ ತಗಡಿನ ಲಾಂದ್ರ ಮಾಡುತ್ತಿದ್ದವನು. ಎಂಥ ಬಿರುಗಾಳಿಗೂ ಅವನ ಲಾಂದ್ರ ಆರುತ್ತಿರಲಿಲ್ಲವಂತೆ. ಆರಿದರೆ ತಪ್ಪು ಎಣ್ಣೆಯದು ಎಂದು ಅವನೇ ತೀರ್ಪು ಕೊಡುತ್ತಿದ್ದ. ಅಜ್ಜ ಕುದುರೆಗಾಡಿಗಳಿಗೆ ಮಡ್‌ಗಾರ್ಡು ಬಡಿದವನು. ಸೇತುವೆಯಿಂದ ಹೊಳೆಗೆ ಬಿದ್ದು ನುಜ್ಜುಗುಜ್ಜಾಗಿದ್ದ ಗಾಡಿಯೊಂದನ್ನು ಅವನು ಬಿಡಿಸಿ ನಿಲ್ಲಿಸಿದಾಗ, ಯಜಮಾನನೇ ಅದರ ಗುರುತು ಸಿಗದೆ ಮುಂದಕ್ಕೆ ಹೋಗಿಬಿಟ್ಟನಂತೆ. ಅಪ್ಪನ ಕಾಲಕ್ಕೆ ಮೋಟಾರು ಬಂತು. ಅಪ್ಪ ಎಡಚ, ಅಳತೆಪಟ್ಟಿ ಮುಟ್ಟಿದವನಲ್ಲ. ಅವನು ಒಂದು ಕಣ್ಣು ಮುಚ್ಚಿ ನೋಡಿದನೆಂದರೆ ಸೊಟ್ಟ ತಗಡು ಹೆದರಿಕೊಂಡು ತಾನೇ ನೆಟ್ಟಗಾಗುತ್ತದೆ ಎಂದು ಪೇಟೆಯಲ್ಲೆಲ್ಲ ಮಾತಿತ್ತು.

ಮೂವರೂ ಒಂದು ಪದ್ಧತಿಯನ್ನು ಬಿಟ್ಟವರಲ್ಲ. ಏಟು ಬಿದ್ದ ತಗಡನ್ನು ಸರಿಮಾಡಿದ ಮೇಲೆ ಅದರ ಒಳಮೈಗೆ ಮೊಳೆಯಿಂದ ಒಂದು ಚುಕ್ಕೆ ಹೊಡೆಯುತ್ತಿದ್ದರು. ಮುಂದೆ ಬಿಚ್ಚುವ ಕಸುಬುದಾರನಿಗೆ, ಇಲ್ಲೊಮ್ಮೆ ಗಾಯವಾಗಿತ್ತು ಎಂದು ತಿಳಿಯಬೇಕಲ್ಲ. ಗಿರಾಕಿಗೆ ಹೇಳದಿದ್ದರೂ ಪರವಾಗಿಲ್ಲ, ಸುತ್ತಿಗೆ ಹಿಡಿದವನಿಗೆ ಮೋಸ ಮಾಡಕೂಡದು ಎಂಬುದು ಆ ಮನೆಯ ನಡತೆ.

ಇಂಥವರ ಮನೆಯಲ್ಲಿ ಹುಟ್ಟಿದ ಸೂಜಿಗಲ್ಲಪ್ಪ ಯಾರನ್ನೂ ನಂಬಲಿಲ್ಲ ಎಂಬುದೇ ಸೋಜಿಗ. ಟಿಂಕರ್ ಕೆಲಸದಲ್ಲಿ ತಲೆ ನೆರೆದರೂ ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಸೂಜಿಗಲ್ಲು. ಕಾರು ಬಾಗಿಲಿಗೆ ಬಂತೆಂದರೆ ಯಜಮಾನನನ್ನು ಮಾತಾಡಿಸುವ ಮೊದಲು ಕಲ್ಲನ್ನು ಅದರ ಮೈಮೇಲೆ ಓಡಿಸುತ್ತಿದ್ದ. ಕಲ್ಲು ಅಂಟಿದರೆ ತಗಡು, ಜಾರಿದರೆ ತಗ್ಗು ಮುಚ್ಚಲು ಪುಟ್ಟಿ ಮೆತ್ತಿದ್ದಾರೆಂದು ಅರ್ಥ. ಅಂಗಡಿಯವನ ತೂಕದ ಬಟ್ಟುಗಳಿಗೂ ಕಲ್ಲು ಹಿಡಿದು ನೋಡಿ ಬೈಸಿಕೊಂಡದ್ದುಂಟು. ಹೆಸರು ಹಾಗೇ ಅಂಟಿಕೊಂಡಿತು.

ಅವನ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಒಂದು ಬ್ರಿಟಿಷ್ ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ತೆರೆದ ತಲೆ, ಉದ್ದ ಮೂತಿ. ಮದುವೆಗೆಂದು ಅಪ್ಪ ಕೊಟ್ಟದ್ದು. ಕೊಡುವಾಗ, ಇದು ಏಟು ತಿನ್ನದ ಗಾಡಿ ಕಣೋ ಎಂದಿದ್ದ. ಆ ಮಾತನ್ನು ಮಗ ಊರಿಗೆಲ್ಲ ಹೇಳಿಕೊಂಡು ಮೆರೆದ. ಆದರೆ ತುಕ್ಕು ಯಾರ ಮಾತು ಕೇಳುತ್ತದೆ? ತಳ ಉದುರಿ, ಸೀಟಿನಲ್ಲಿ ಕೂತವರಿಗೆ ನೆಲ ಕಾಣುತ್ತಿತ್ತು. ಒಂದು ಕಡೆ ಬೆಸುಗೆ ಹಾಕಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಕಾರುಗಳ ಸೀಟು ಹೊಲಿಯುವ ಅವನ ಹೆಂಡತಿ ಕಡೆಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು. ಈ ವರ್ಷ ಅದು ರಸ್ತೆಗಾದರೂ ಇಳಿಯಬೇಕು, ಗುಜರಿಗಾದರೂ ಹೋಗಬೇಕು. ಹೆಣ ಕಾದಂತೆ ಕಾಯುವುದು ತನ್ನಿಂದಾಗದು.

ಬಂದರಿನಲ್ಲಿ ಸರಕು ಬಿಡಿಸುವ ಕೆಲಸದ ಬಾಮೈದ ಆಗ ಸುದ್ದಿ ತಂದ. ಆ ಕಾರುಗಳ ಹಳೆಯ ಅಚ್ಚುಗಳನ್ನೇ ಹುಡುಕಿ ತೆಗೆದು, ಅದೇ ಅಚ್ಚಿನಲ್ಲಿ ಹೊಸ ತಗಡು ಒತ್ತಿ, ಇಡೀ ಬಾಡಿಯನ್ನು ಬೆಸೆದು ಪೆಟ್ಟಿಗೆಯಲ್ಲಿ ಕಳಿಸುವವರು ವಿಲಾಯಿತಿಯಲ್ಲಿ ಇದ್ದಾರಂತೆ. ಬಾನೆಟ್ಟು, ಬಾಗಿಲು, ಡಿಕ್ಕಿ ಏನು ಬೇಕಾದರೂ ಸಿಗುತ್ತದಂತೆ. ಹಳೆಯದರ ಇಂಜಿನ್ನು, ಚಕ್ರ ಎತ್ತಿ ಇದಕ್ಕೆ ಕೂರಿಸಿದರೆ ಮುಗಿಯಿತು.

ಸೂಜಿಗಲ್ಲಪ್ಪನ ಕಿವಿ ನೆಟ್ಟಗಾಯಿತು. ಸತ್ತುಹೋದ ಕಾರಿಗೆ ಯಾರೋ ಮತ್ತೆ ಮೈ ಕೊಡುತ್ತಾರೆಂದರೆ ಅದರಲ್ಲಿ ಏನೋ ಇದೆ. ಬಾಮೈದನಿಗೇಕೆ ಇಷ್ಟು ಉತ್ಸಾಹ? ಹಳೇ ಬಾಡಿಯ ಮೇಲೆ ಕಣ್ಣು ಹಾಕಿದ್ದಾನೆಯೇ? ಅಕ್ಕ ತಮ್ಮ ಅಡಿಗೆಮನೆಯಲ್ಲಿ ಪಿಸುಗುಟ್ಟುವುದು ಯಾಕೆ? ಅವರು ಪಿಸುಗುಟ್ಟುತ್ತಿದ್ದದ್ದು ಇವನ ಬೈಗುಳಕ್ಕೆ ಹೆದರಿ ಎಂಬುದು ಅವನಿಗೆ ಹೊಳೆಯಲಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲು ಮನಸ್ಸು ಬರಲಿಲ್ಲ. ಹೆಂಡತಿಯೇ ಹೂಂ ಅಂದಳು.

ಪೆಟ್ಟಿಗೆ ಬಂತು. ಹಲಗೆ ಕೀಳುತ್ತಿದ್ದ ಹಾಗೆ ಬೂದು ಪ್ರೈಮರ್ ಬಳಿದ ಬಾಡಿ ಸ್ನಾನ ಮುಗಿಸಿದ ಮಗುವಿನಂತೆ ಕಂಡಿತು. ಅವನು ಜೇಬಿಗೆ ಕೈ ಹಾಕಿದ. ಮೂತಿಯಿಂದ ಬಾಲದವರೆಗೆ, ತಳ, ಅಂಚು, ಸಂದುಗೊಂದು ಎಲ್ಲ ಕಡೆ ಕಲ್ಲು ಓಡಿತು. ಎಲ್ಲ ಕಡೆಯೂ ಅಂಟಿತು. ಅದರಿಂದ ಅನುಮಾನ ಕಡಿಮೆಯಾಗುವ ಬದಲು ಹೆಚ್ಚಾಯಿತು. ಬೆರಳಿನ ಗೆಣ್ಣಿನಿಂದ ತಟ್ಟಿದ, ಮೂಗು ತಾಗಿಸಿ ಮೂಸಿದ, ಅಡಿಗೆ ತೂರಿ ಬೆಸುಗೆಯ ಗೆರೆ ಸವರಿದ. ಇಷ್ಟು ಚೆನ್ನಾಗಿದ್ದರೆ ಯಾಕೆ ಮಾರುತ್ತಾರೆ ಎಂದು ಗೊಣಗಿದ.

“ಮಾರೋಕೆ ಮಾಡಿದ್ದು ಭಾವ, ಅದಕ್ಕೆ ಮಾರ್ತಾರೆ,” ಎಂದ ಬಾಮೈದ.

“ನೀನು ಬಾಯಿ ಮುಚ್ಕೊಂಡು ಹಲಗೆ ಜೋಡ್ಸು.”

ಬಾಗಿಲು ಹೊಸದು ತರಿಸಿರಲಿಲ್ಲವಾದ್ದರಿಂದ ಹಳೇ ಕಾರಿನ ಎಡಬಾಗಿಲು ಬಿಚ್ಚಿ ತಂದು ಹೊಸ ಬಾಡಿಗೆ ನೇತುಹಾಕಿದ. ಮುಂದೆ ಕೂತಿತು, ಹಿಂದೆ ಒಂದು ಬೆರಳಿನಷ್ಟು ಹೊರಗೆ ಚಾಚಿಕೊಂಡಿತು. ಕೀಲು ಸಡಿಲಿಸಿ ಮತ್ತೆ ಬಿಗಿದರೂ ಅಷ್ಟೇ. ಅವನ ಮುಖ ಅರಳಿತು. ಇಬ್ಬರನ್ನೂ ಕೂಗಿ ಕರೆದು, ಇದೋ ನಿಮ್ಮ ಹೊಸ ಬಾಡಿಯ ಬಂಡವಾಳ, ಹುಟ್ಟು ಸೊಟ್ಟ, ಪೆಟ್ಟಿಗೆ ಕಟ್ಟಿ ವಾಪಸ್ ಕಳಿಸಿ ಎಂದು ಅಬ್ಬರಿಸಿದ. ಬಾಮೈದನ ಮುಖ ಬಾಡಿತು.

ಹೆಂಡತಿ ಮಾತ್ರ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. “ಬಲಗಡೇದು ಹಾಕಿ ನೋಡಿದ್ರಾ?”

ನೋಡಿರಲಿಲ್ಲ. ಹಾಕಿದ. ಅದು ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು.

ಅದಕ್ಕೂ ಅವನ ಬಳಿ ಉತ್ತರವಿತ್ತು: ಹಾಗಾದರೆ ಬಾಡಿ ಎಡಕ್ಕೆ ತಿರುಚಿಕೊಂಡಿದೆ. ದಾರ ತಂದ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದು ಗಂಟು ಹಾಕಿದ. ಉಳಿದೆರಡು ಮೂಲೆಗೂ ಎಳೆದ. ಗಂಟು ಸರಿಯಾಗಿ ಮೂಲೆಗೇ ಬಂತು, ಎರಡೂ ಅಳತೆ ಸರಿಹೋಯಿತು. ಮತ್ತೆ ಎಳೆದ, ಮತ್ತೆ ಸರಿಹೋಯಿತು. ಆಗ ಅವಳು ದಾರದ ತುದಿ ಹಿಡಿದು, ಹಾಗೇ ಹಳೇ ಕಾರಿನ ಕಡೆ ನಡೆದಳು. ಅಲ್ಲಿ ಒಂದು ಕಡೆ ದಾರ ಸಾಲದಾಯಿತು. ಇನ್ನೊಂದು ಕಡೆ ಜೋತುಬಿತ್ತು.

ಸೊಟ್ಟಗಿದ್ದದ್ದು ಹಳೆಯದು. ಇಷ್ಟು ವರ್ಷ ಅದರ ಮೇಲೆ ಕಲ್ಲು ಓಡಿಸುವ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಅಪ್ಪ ಹೇಳಿದ್ದನಲ್ಲ.

ಎಡಬಾಗಿಲನ್ನು ಬೆಳಕಿಗೆ ಮಗುಚಿ, ಒಳಮೈಯ ಬಣ್ಣ ಹೆರೆದ. ಒತ್ತೊತ್ತಾಗಿ ಸುತ್ತಿಗೆಯ ಗುರುತುಗಳು ಎದ್ದುಬಂದವು, ಎಲ್ಲವೂ ಎಡಚ ಬಡಿದಾಗ ಬೀಳುವ ಓರೆಯಲ್ಲಿ. ಗುದ್ದಿದ ಏಟಿಗೆ ತಿರುಚಿಕೊಂಡಿದ್ದ ಬಾಡಿಯನ್ನು ಎಳೆದು ಸರಿಮಾಡುವ ಬದಲು ಅಪ್ಪ ಬಾಗಿಲನ್ನೇ ಸೊಟ್ಟ ಬಡಿದು ಹೊಂದಿಸಿದ್ದ. ಪುಟ್ಟಿ ಇರಲಿಲ್ಲ. ಕೆಲಸ ಹೂವಿನಂತಿತ್ತು. ಚುಕ್ಕೆ ಮಾತ್ರ ಇರಲಿಲ್ಲ. ಅಂಚಿನಿಂದ ಅಂಚಿಗೆ ಹೆರೆದ, ಕನ್ನಡಕ ಹಾಕಿಕೊಂಡು ಹುಡುಕಿದ. ಇರಲಿಲ್ಲ.

ಬಾಮೈದ ಮೆಲ್ಲಗೆ ಕೆಮ್ಮಿದ. ಮದುವೆಗೆ ಮುಂಚೆ ಮಾವನವರೇ ಎಲ್ಲೋ ಗುದ್ದಿರಬೇಕು, ಮಗನಿಗೆ ಹೇಳೋಕೆ ನಾಚಿಕೆಯಾಗಿರಬೇಕು ಎಂದು ಹೆಂಡತಿ ನಯವಾಗಿ ಹೇಳಿನೋಡಿದಳು. ಊರಿನ ಕಾರುಗಳಲ್ಲೆಲ್ಲ ಪುಟ್ಟಿ ಹುಡುಕಿದವನು, ಪಕ್ಕದಲ್ಲಿ ಪಿಸುಗುಟ್ಟಿದವರನ್ನೆಲ್ಲ ಕಳ್ಳರೆಂದುಕೊಂಡವನು, ಈಗ ಅಪ್ಪನ ಸುತ್ತಿಗೆಯ ಗುರುತುಗಳ ಮೇಲೆ ಹೆಬ್ಬೆರಳು ಆಡಿಸುತ್ತ ಸ್ಟೂಲಿನ ಮೇಲೆ ಕೂತುಬಿಟ್ಟ. ಅಪ್ಪ ಇನ್ನೂ ಯಾವ್ಯಾವ ಗಾಡಿಗೆ ಹೀಗೆ ಮಾಡಿದ್ದಾನೋ ಎಂಬ ಯೋಚನೆ ಬಂದು, ಅದನ್ನು ದೂಡಿದರೂ ಹೋಗಲಿಲ್ಲ.

ಕಡೆಗೆ ಎದ್ದು, ಹೊಸ ಬಾಡಿ ಇಲ್ಲೇ ಇರಲಿ, ಇಂಜಿನ್ನು ಇಳಿಸಲು ಸರಪಳಿ ತರುತ್ತೇನೆ ಎಂದ. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಮೈದನಿಗೆ ಜೀವ ಬಂದಂತಾಗಿ, ಹಾಗಾದರೆ ಎಡಬಾಗಿಲನ್ನೂ ಅವರಿಂದಲೇ ತರಿಸುತ್ತೇನೆ, ಅದೇ ಅಚ್ಚಿನದು, ಇದರ ತಂಟೆಯೇ ಬೇಡ ಎಂದು ಬಾಗಿಲು ಎತ್ತಿಡಲು ಬಗ್ಗಿದ.

ಸೂಜಿಗಲ್ಲಪ್ಪ ಅವನ ಕೈ ಹಿಡಿದ.

“ಬಿಡು. ನಿನ್ನ ಮೇಲೆ ಅನುಮಾನ ಪಟ್ಟೆ, ಅದು ನನ್ನ ತಪ್ಪು. ಆದ್ರೆ ಬಾಗಿಲು ತರಿಸ್ಬೇಡ. ಇದನ್ನ ಸೊಟ್ಟ ಮಾಡಿದ್ದು ನಮ್ಮಪ್ಪ, ನೆಟ್ಟಗೆ ಮಾಡೋನು ನಾನು. ಒಂದು ಕಡೆ ಹಿಡ್ಕೋತೀನಿ ಅಂತಾನೂ ಬರ್ಬೇಡ. ಹೋಗು, ಮನೇಗೆ ಹೋಗು.”