ಕೆಂಪಿಯ ಬಾಯಲ್ಲಿ ಒಣಗಿದ ಅಕ್ಕಿ

ದೊಡ್ಡಮನೆ ಗೌಡ್ತಮ್ಮನ ಬುಗುಡಿ ಕದ್ದವನು ನಾನು. ನನ್ನ ತಂಗಿ ಕೆಂಪಿ ಅಲ್ಲ. ಈ ಎರಡು ಮಾತು ಬರೆಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಬೆಟ್ಟದಪುರದ ಬೆಟ್ಟ ಕಾಣುವಷ್ಟು ದೂರದಲ್ಲಿ ನಮ್ಮೂರು. ಆಗ ನನಗೆ ಹತ್ತೊಂಬತ್ತು, ಕೆಂಪಿಗೆ ಹದಿನೈದು. ಅಪ್ಪ ಇರಲಿಲ್ಲ. ಅವ್ವ, ಕೆಂಪಿ, ನಾನು ಮೂವರೂ ದೊಡ್ಡಮನೆಯ ಚಪ್ಪರದಲ್ಲಿ ಹೊಗೆಸೊಪ್ಪು ಕಟ್ಟಲು ಹೋಗುತ್ತಿದ್ದೆವು. ಎಲೆಗಳನ್ನು ಸಾಲಾಗಿ ಕಡ್ಡಿಗೆ ಕಟ್ಟಿ ಒಣಗಲು ತೂಗುಹಾಕುವ ಕೆಲಸ. ಗೌಡ್ತಮ್ಮನೂ ನಮ್ಮ ನಡುವೆಯೇ ಕುಳಿತು ಎಲೆ ಆರಿಸುತ್ತಿದ್ದರು. ಒಂದು ಮಧ್ಯಾಹ್ನ ಅವರ ಕಿವಿಯ ಬುಗುಡಿ ಕಳಚಿ ಎಲೆರಾಶಿಗೆ ಬಿತ್ತು. ಬಿದ್ದದ್ದು ನನಗೆ ಕಂಡಿತು. ಕೊಡಬಹುದಿತ್ತು — ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕುಳಿತಿದ್ದರು. ಕೊಡಲಿಲ್ಲ. ಪಂಚೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡೆ. ಮನೆಯಲ್ಲಿ ಉಣ್ಣಲು ಇಲ್ಲದೆ ಮಾಡಿದ ಕೆಲಸವಲ್ಲ. ಬಂಗಾರ ಕಂಡಿತು, ಬೇಕೆನಿಸಿತು.

ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು. ಕಳವಾದರೆ ಅನುಮಾನ ಬಂದವರನ್ನೆಲ್ಲ ಮಾರಮ್ಮನ ಗುಡಿಯ ಮುಂದೆ ಸಾಲಾಗಿ ಕೂರಿಸಿ, ಪೂಜಾರಿ ಒಂದೊಂದು ಹಿಡಿ ಅಕ್ಕಿ ಕೊಡುತ್ತಿದ್ದ. ಜಗಿದು ಮುತ್ತುಗದ ಎಲೆಯ ಮೇಲೆ ಉಗುಳಬೇಕು. ನೆನೆದು ಹಿಟ್ಟಾಗಿ ಬಂದರೆ ತಪ್ಪಿಲ್ಲ. ಒಣ ನುಚ್ಚಾಗಿ ಬಂದರೆ ಅವರೇ ಕಳ್ಳರು. ಕಳ್ಳರ ಬಾಯಿಯ ನೀರನ್ನು ಅಮ್ಮ ಹೀರಿಕೊಳ್ಳುತ್ತಾಳೆಂದು ನಂಬಿಕೆ. ನಾನೂ ನಂಬಿದ್ದೆ.

ಮರುದಿನ ಗುಡಿಯ ಮುಂದೆ ಅಕ್ಕಿ ಎಂದು ಹೇಳಿಕಳಿಸಿದರು. ಆಗಿನಿಂದ ನನ್ನ ಎದೆಬಡಿತ ನನಗೇ ಕೇಳುತ್ತಿತ್ತು. ಹೊಟ್ಟೆಗೆ ಏನೂ ಇಳಿಯಲಿಲ್ಲ. ಬೆಳಗ್ಗೆ ಬಾವಿಯ ಹತ್ತಿರ ಕೆಂಪಿ ಒಬ್ಬಳೇ ಸಿಕ್ಕಿದಾಗ ಎಲ್ಲವನ್ನೂ ಹೇಳಿಬಿಟ್ಟೆ. ಹೊರಲಾರದೆ ಹೇಳಿದೆ, ಬೇರೆ ಕಾರಣವಿಲ್ಲ.

"ಈಗ್ಲೇ ಕೊಟ್ಬುಡಣ್ಣ," ಎಂದಳು. "ಕಾಲ್ ಇಡ್ಕೊಂಡ್ರೆ ಬುಟ್ಬುಡ್ತಾರೆ."

ಆಗುವುದಿಲ್ಲ ಎಂದೆ. ಯಾರಿಗೂ ಹೇಳಬೇಡವೆಂದು ಅವಳ ಕೈಯನ್ನು ನನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಮಾಡಿಸಿದೆ. ಆ ಕೈ ತಣ್ಣಗೆ ಬೆವರಿತ್ತು. ಅವಳು ಚಿಕ್ಕಂದಿನಿಂದಲೂ ಹಾಗೆಯೇ — ಯಾರಾದರೂ ದನಿಯೆತ್ತಿದರೆ ಸಾಕು, ಅಂಗೈ ಬೆವರುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಹೇಳಿದ ಮೇಲೆ ನನಗೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಹಸಿವಾಯಿತು. ಮನೆಗೆ ಹೋಗಿ ಒಂದು ಮುದ್ದೆ ಉಂಡೆ.

ಗುಡಿಯ ಮುಂದೆ ಹನ್ನೊಂದು ಜನ ಕುಳಿತೆವು. ಸಾಲಿನ ಮೊದಲಲ್ಲಿ ಸೊಪ್ಪು ಕಟ್ಟುವ, ಬೊಚ್ಚುಬಾಯಿಯ ನಿಂಗಜ್ಜಿ.

"ನಂಗೆ ಅಲ್ಲೇ ಇಲ್ವಲ್ಲೋ ಪೂಜಾರಪ್ಪ," ಎಂದಳು. "ಅಕ್ಕಿ ಬುಟ್ಟು ಹಿಟ್ಟು ಕೊಡು, ಮಾರಮ್ಮ ಬ್ಯಾಡ ಅಂದಾಳಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿದ್ದ ಕೆಂಪಿ ನಗಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಜಗಿದು ಉಗುಳಿದೆ. ಬೆಳ್ಳಗೆ ಹಿಟ್ಟಿನಂತೆ ಬಂತು. ಅವಳ ಸರದಿ ಬಂದಾಗ ಜಗಿದಳು, ಜಗಿದಳು — ಕೆನ್ನೆ ಆಡುತ್ತಲೇ ಇತ್ತು. ಕೊನೆಗೆ ಎಲೆಯ ಮೇಲೆ ಉದುರಿದ್ದು ಒಣ ನುಚ್ಚು.

ಗೌಡ್ತಮ್ಮ ಬೈಯಲಿಲ್ಲ. "ಕೇಳಿದ್ರೆ ನಾನೇ ಕೊಡ್ತಿದ್ನಲ್ಲೇ, ಮಗ," ಎಂದು ಎದ್ದುಹೋದರು. ಹೊಡೆದವಳು ಅವ್ವ. ಬುಗುಡಿ ಎಲ್ಲಿ ಎಂದು ಎಲ್ಲರೂ ಕೇಳಿದರು. ಕೆಂಪಿ ಆಣೆ ಮುರಿಯಲಿಲ್ಲ. ಬುಗುಡಿ ಆಗಲೂ ನನ್ನ ಪಂಚೆಯ ಮಡಿಕೆಯಲ್ಲಿತ್ತು. ಆ ಸಂಜೆ ಕೆರೆಗೆ ಎಸೆದೆ.

ಮನೆಯ ಹಿತ್ತಲಲ್ಲಿ ಅವಳು ನನಗೆ ಹೇಳಿದ್ದು ಒಂದೇ ಮಾತು: "ನಿನ್ ಬಾಯಿ ಎಲ್ಲಿ ಒಣಗ್ಬುಡ್ತದೋ ಅಂತ ನಂಗೆ ಜೀವಾನೇ ಓಗಿತ್ತು ಕಣಣ್ಣ."

ಕೇಳಿಸಿಕೊಂಡೆ. ಆದರೂ ಕಾಲ ಕಳೆದಂತೆ ಬೇರೆಯದೇ ಒಂದನ್ನು ನಂಬತೊಡಗಿದೆ. ನನ್ನ ಅಕ್ಕಿ ನೆನೆಯಿತೆಂದರೆ ಅಮ್ಮ ನನ್ನನ್ನು ಕ್ಷಮಿಸಿದ್ದಾಳೆ; ಕೆಂಪಿಯದು ಒಣಗಿತೆಂದರೆ ಅವಳದೇ ಏನೋ ತಪ್ಪು ಇದ್ದಿರಬೇಕು — ಯಾರಿಗೂ ತಿಳಿಯದ್ದು, ದೇವರಿಗೆ ತಿಳಿದದ್ದು. ಸಾಲಿಗ್ರಾಮದ ಕಡೆಯಿಂದ ಬಂದಿದ್ದ ಸಂಬಂಧ ಮುರಿದಾಗಲೂ ಹಾಗೆಂದುಕೊಂಡೆ. ಹೆಗ್ಗಡದೇವನಕೋಟೆಯ ಕಾಡಂಚಿನ ಊರಿಗೆ, ಹೆಂಡತಿ ಸತ್ತ ನಡುವಯಸ್ಸಿನವನಿಗೆ ಅವಳನ್ನು ಕೊಟ್ಟಾಗಲೂ ಹಾಗೆಂದುಕೊಂಡು ಗಾಡಿ ಹೂಡಿಕೊಟ್ಟೆ.

ಹೋದ ವರ್ಷ ನನ್ನ ಹೆಂಡತಿಯ ಅಂಗೈಯಲ್ಲಿ ಕುರು ಎದ್ದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕತ್ತಿ ತೆಗೆದರು. ಅವಳ ಹೆಸರು, ಊರು ಕೇಳಿದರು. ನನಗೆ ನಾಲಿಗೆ ಹೊರಳಲಿಲ್ಲ. ಬಾಯಿ ಒಣಗಿ ಅದು ಅಂಗುಳಕ್ಕೆ ಅಂಟಿತ್ತು. ಅವರು ನಕ್ಕು ನನಗೆ ನೀರು ಕೊಡಿಸಿದರು.

"ಕೊಯ್ಯೋದು ಅವಳ ಕೈ, ಬಾಯಿ ಒಣಗಿದ್ದು ನಿಂದು," ಎಂದರು. ಆಮೇಲೆ ಕೈ ತೊಳೆಯುತ್ತಾ ತಿಳಿಸಿದರು. ದಿಗಿಲಾದರೆ ಮೆದುಳಿನಿಂದ ನರಗಳಿಗೆ ಸುದ್ದಿ ಹೋಗುತ್ತದೆ. ಎದೆ ಬಡಿದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಬಾಯಿಯ ಜೊಲ್ಲು ನಿಲ್ಲುತ್ತದೆ. ನಮ್ಮವರಿಗೆ ಏನಾಗುತ್ತದೋ ಎಂಬ ದಿಗಿಲೂ ಅದನ್ನೇ ಮಾಡುತ್ತದೆ.

"ತಪ್ಪು ಮಾಡ್ದೇ ಇರೋರ್ಗೂ ಒಣಗ್ತದಾ ಸ್ವಾಮಿ?" ಎಂದೆ.

"ತಪ್ಪು ಸರಿ ಜೊಲ್ಲಿಗೆ ಹೇಗಯ್ಯ ಗೊತ್ತಾಗುತ್ತೆ?"

ಹೊರಗೆ ಹುಣಸೆಮರದ ಕೆಳಗೆ ಕುಳಿತೆ. ಮಾರಮ್ಮ ಅಂದು ಏನನ್ನೂ ಹೇಳಿರಲಿಲ್ಲ. ನನ್ನ ಭಯವನ್ನು ನಾನೇ ಬಾವಿಕಟ್ಟೆಯಲ್ಲಿ ತಂಗಿಯ ಮೈಗೆ ದಾಟಿಸಿ, ಉಂಡು ಬಂದು ಕುಳಿತಿದ್ದೆ. ಅವಳ ಬಾಯಿ ಒಣಗಿದ್ದು ನನಗಾಗಿ. ಆಮೇಲೆ ನೆಮ್ಮದಿಯ ನಿದ್ದೆ ಕಂಡಿಲ್ಲ. ಉಣ್ಣುವಾಗ ಆ ಆಡುವ ಕೆನ್ನೆ ಕಾಣುತ್ತದೆ.

ಹೋದ ತಿಂಗಳು ಅವಳ ಊರಿಗೆ ಹೋದೆ. ಗಂಡ ಸತ್ತು ಮೂರು ವರ್ಷ. ಹದಿನೈದರ ಮಗಳಿದ್ದಾಳೆ, ಅವಳನ್ನು ನೋಡಲು ಬಂದವರು ತಾಯಿಯ ಊರಲ್ಲಿ ವಿಚಾರಿಸಿ ಹಿಂದೆ ಸರಿದರಂತೆ. ಊರವರ ಮುಂದೆ ನಿಜ ಹೇಳುತ್ತೇನೆ ಎಂದೆ. ಕೆಂಪಿ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ನಂಗೆ ಅಬ್ಯಾಸ ಆಗೋಗದೆ ಕಣಣ್ಣ," ಎಂದಳು. "ಈ ಮಗೀನ ಮಾತ್ರ ಕಳ್ಳಿ ಮಗ್ಳು ಅನ್ನಿಸ್ಬ್ಯಾಡ."

ಸೋಮವಾರ ಚಾವಡಿಯಲ್ಲಿ ಊರು ಸೇರುತ್ತದೆ. ಅಲ್ಲಿ ಇದನ್ನು ಓದುತ್ತೇನೆ. ಆಮೇಲೆ ಹಿಂದೆ ಸರಿದವರ ಮನೆಗೂ ಹೋಗುತ್ತೇನೆ. ಏನು ಮಾಡಬೇಕೋ ಅವರೆಲ್ಲ ಮಾಡಲಿ.

ಅವ್ವನಿಗೆ ಮಾತ್ರ ಎಲ್ಲಿ ನಿಂತು ಹೇಳಲಿ — ಅವಳು ಸಾಯುವ ದಿನ ಕೆಂಪಿ ಹೆಗ್ಗಡದೇವನಕೋಟೆಯ ಕಡೆಯಿಂದ ಎರಡು ದಿನ ನಡೆದು ಬಂದು ಸೇರಿದ್ದಳು. ನೀರು ಹಿಡಿದು ಪಕ್ಕದಲ್ಲಿ ಕುಳಿತಾಗ ಅವ್ವ ತುಟಿ ಬಿಗಿದು ಗೋಡೆಯ ಕಡೆ ತಿರುಗಿಕೊಂಡಳು. ಕಳ್ಳಿಯ ಕೈಯ ನೀರು. ನಾನು ಅಲ್ಲೇ ನಿಂತಿದ್ದೆ. ಕೆಂಪಿಯ ಕೈಯಿಂದ ಲೋಟ ತೆಗೆದುಕೊಂಡು ನಾನು ಕುಡಿಸಿದೆ. ಅವ್ವ ಕುಡಿದಳು.